ಪಟ್ಟು ಬಿಡದ ಎಎಫ್: ಹೃತ್ಕರ್ಣದ ಸಂಕೇತದಲ್ಲಿ ಆವರ್ತನ ಹುಡುಕುವ ಕೆಲಸ

ಆರೋಗ್ಯವಂತ ಹೃದಯದ ಮೇಲಿನ ಎರಡು ಕೋಣೆಗಳು, ಅಂದರೆ ಹೃತ್ಕರ್ಣಗಳು, ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಮಿಡಿಯುತ್ತವೆ. ಏಟ್ರಿಯಲ್ ಫಿಬ್ರಿಲೇಶನ್ (ವೈದ್ಯರ ಬಾಯಲ್ಲಿ ಎಎಫ್) ಶುರುವಾದರೆ ಅದೇ ಗೋಡೆಯ ಒಂದೊಂದು ಜಾಗವೂ ನಿಮಿಷಕ್ಕೆ 300ರಿಂದ 600 ಸಲ ವಿದ್ಯುತ್ ಪ್ರಚೋದನೆ ಪಡೆಯುತ್ತದೆ. ಹರ್ಟ್ಸ್ ಲೆಕ್ಕದಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂದು ಎಣಿಸಿದರೆ, ಇದು 5ರಿಂದ 10. ಅಷ್ಟು ವೇಗದಲ್ಲಿ ಗೋಡೆ ಒಟ್ಟಾಗಿ ಹಿಂಡಲಾರದು, ಬರೀ ನಡುಗುತ್ತದೆ. ಕೆಳಗಿನ ಹೃತ್ಕುಕ್ಷಿಗಳಿಗೆ ಕಾವಲಾಗಿರುವ ಎವಿ ನೋಡ್ ಬಂದ ಪ್ರಚೋದನೆಗಳಲ್ಲಿ ಕೆಲವನ್ನಷ್ಟೇ ಒಳಗೆ ಬಿಡುವುದರಿಂದ ಕೈ ನಾಡಿ ಲಯ ತಪ್ಪಿ ಓಡುತ್ತದೆ.

ಏಳು ದಿನದೊಳಗೆ ನಿಂತರೆ ಅದು ಬಂದುಹೋಗುವ ಎಎಫ್. ಏಳು ದಿನ ದಾಟಿದರೆ ಪರ್ಸಿಸ್ಟೆಂಟ್. ವರ್ಷ ಕಳೆದರೂ ನಿಲ್ಲದಿದ್ದರೆ ದೀರ್ಘಕಾಲದ ಪರ್ಸಿಸ್ಟೆಂಟ್. ಹೆಸರಿನಲ್ಲಿ ದಿನಗಳ ವ್ಯತ್ಯಾಸವಷ್ಟೇ ಕಂಡರೂ ಚಿಕಿತ್ಸೆಯಲ್ಲಿ ಬಂದುಹೋಗುವುದೂ ಪರ್ಸಿಸ್ಟೆಂಟೂ ಎರಡು ಬೇರೆ ಕಾಯಿಲೆಗಳಂತೆ ವರ್ತಿಸುತ್ತವೆ. 1998ರಲ್ಲಿ ಫ್ರಾನ್ಸಿನ ಬೋರ್ಡೋದ ಮಿಶೆಲ್ ಹೈಸಗೇರ್ ಮತ್ತು ಸಂಗಡಿಗರು, ಬಂದುಹೋಗುವ ಎಎಫ್‌ನ ಕಿಡಿ ಬಹುಪಾಲು ಎಡ ಹೃತ್ಕರ್ಣಕ್ಕೆ ಬಂದು ಸೇರುವ ಶ್ವಾಸಕೋಶದ ಅಭಿಧಮನಿಗಳ ಒಳಗಿನಿಂದ ಹೊರಡುತ್ತದೆ ಎಂದು ತೋರಿಸಿದರು. ಅವರು ಗುರುತಿಸಿದ 69 ಕಿಡಿತಾಣಗಳಲ್ಲಿ ನೂರಕ್ಕೆ 94ರಷ್ಟು ಅಲ್ಲೇ ಇದ್ದವು. ಆ ಅಭಿಧಮನಿಗಳ ಬಾಯಿಯ ಸುತ್ತ ಸುಟ್ಟು ಬೇಲಿ ಹಾಕುವುದೇ ಇಂದಿಗೂ ಅಬ್ಲೇಶನ್ನಿನ (ರಕ್ತನಾಳದ ಮೂಲಕ ಹೃದಯಕ್ಕೆ ತೂರಿಸಿದ ಕ್ಯಾಥೆಟರ್ ಎಂಬ ತೆಳು ಕೊಳವೆಯಿಂದ ಅಂಗಾಂಶ ಸುಡುವ ಚಿಕಿತ್ಸೆಯ) ತಳಹದಿ. ಆದರೆ ಪರ್ಸಿಸ್ಟೆಂಟ್ ಎಎಫ್‌ಗೆ ಈ ಬೇಲಿ ಎಷ್ಟೋ ಸಲ ಸಾಲದು. ಅಭಿಧಮನಿಗಳನ್ನು ಬೇರ್ಪಡಿಸಿದ ಮೇಲೂ ಅದು ನಡೆಯುತ್ತಲೇ ಇದ್ದರೆ, ಅದನ್ನು ನಡೆಸುತ್ತಿರುವುದು ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆವರ್ತನ ವಿಶ್ಲೇಷಣೆ ಕಾಲಿಟ್ಟದ್ದು ಈ ಪ್ರಶ್ನೆಗೆ ಉತ್ತರ ಕೊಡುತ್ತೇನೆಂದು.

ವೇಗದ ಜಾಗವೇ ಯಜಮಾನ ಎಂಬ ತರ್ಕ

1960ರ ದಶಕದಲ್ಲಿ ಗಾರ್ಡನ್ ಮೋ ಮುಂದಿಟ್ಟ ಚಿತ್ರದಲ್ಲಿ ಎಎಫ್‌ಗೆ ಒಡೆಯ ಎಂಬುವನೇ ಇಲ್ಲ. ಹಲವು ಅಲೆಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಒಡೆದು, ಹೊಸ ಅಲೆಗಳಾಗಿ ಸುತ್ತುತ್ತಲೇ ಇರುತ್ತವೆ. ಹೋಸೆ ಹಾಲಿಫೆ ತಂಡ ಕುರಿಯ ಹೃದಯದ ಮೇಲೆ ನಡೆಸಿದ ಪ್ರಯೋಗಗಳು ಬೇರೆ ಚಿತ್ರ ಕೊಟ್ಟವು. ಎಡ ಹೃತ್ಕರ್ಣದ ಒಂದು ಸಣ್ಣ ಜಾಗದಲ್ಲಿ ಅಲೆ ತನ್ನ ಸುತ್ತಲೇ ಗಿರಕಿ ಹೊಡೆಯುತ್ತಿರುತ್ತದೆ, ಅಂಥ ಸುಳಿಗೆ ರೋಟರ್ ಎಂದು ಹೆಸರು. ಸುಳಿ ಸೆಕೆಂಡಿಗೆ ಎಂಟು ಸುತ್ತು ಸುತ್ತಿದರೆ ದೂರದ ಸ್ನಾಯು ಎಂಟಕ್ಕೆ ಎಂಟು ಸಲವೂ ಓಗೊಡಲಾರದು. ಹಿಂದಿನ ಪ್ರಚೋದನೆಯಿಂದ ಅದಿನ್ನೂ ಚೇತರಿಸಿಕೊಂಡಿರುವುದಿಲ್ಲ. ಹೀಗಾಗಿ ಅಲ್ಲಿ ಆರೇ ಆಗುತ್ತದೆ, ಇನ್ನೂ ಆಚೆ ಐದು. ಮೂಲದಿಂದ ದೂರ ಸರಿದಂತೆ ಆವರ್ತನ ಇಳಿಯುತ್ತದೆ. ಹಾಗಿದ್ದರೆ ಎಲ್ಲಿ ಆವರ್ತನ ಎಲ್ಲಕ್ಕಿಂತ ಹೆಚ್ಚಿದೆಯೋ ಅಲ್ಲೇ ಮೂಲ ಇರಬೇಕು, ಅದನ್ನು ಸುಟ್ಟರೆ ಎಎಫ್ ನಿಲ್ಲಬೇಕು.

ತರ್ಕ ಚೊಕ್ಕವಾಗಿದೆ. ಅದನ್ನು ನಂಬುವ ಮೊದಲು ಈ ‘ಆವರ್ತನ’ ಎಂಬ ಅಂಕಿ ಹುಟ್ಟುವ ಬಗೆಯನ್ನು ನೋಡಬೇಕು. ಎಡವಟ್ಟುಗಳಲ್ಲಿ ಅರ್ಧದಷ್ಟು ಅಲ್ಲೇ ಇವೆ.

ಸಂಕೇತದಿಂದ ಅಂಕಿಗೆ

ಕ್ಯಾಥೆಟರ್ ತುದಿಯ ಎರಡು ಪುಟ್ಟ ಎಲೆಕ್ಟ್ರೋಡ್‌ಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಅಳೆದರೆ ಸಿಗುವುದು ಬೈಪೋಲಾರ್ ಎಲೆಕ್ಟ್ರೋಗ್ರಾಮ್. ಅಲೆ ಅಡಿಯಲ್ಲಿ ಹಾದುಹೋದಾಗಲೆಲ್ಲ ಒಂದು ಚೂಪು ಏರಿಳಿತ, ಮಿಕ್ಕ ಹೊತ್ತು ಹೆಚ್ಚುಕಡಿಮೆ ಸಪಾಟು. ಇದನ್ನು ಸೆಕೆಂಡಿಗೆ 1000 ಮಾದರಿಯಂತೆ ದಾಖಲಿಸಿದ್ದೇವೆ, 4 ಸೆಕೆಂಡಿನ ತುಂಡು ಕೈಯಲ್ಲಿದೆ, ಅಂದರೆ 4000 ಅಂಕಿಗಳು ಎಂದುಕೊಳ್ಳಿ. ಏರಿಳಿತಗಳ ನಡುವಿನ ಅಂತರ 150, 165, 158, 167 ಮಿಲಿಸೆಕೆಂಡ್ ಹೀಗೆ ಓಲಾಡುತ್ತ ಸರಾಸರಿ 160ಕ್ಕೆ ಬರುತ್ತದೆ. 1000ವನ್ನು 160ರಿಂದ ಭಾಗಿಸಿದರೆ 6.25 ಹರ್ಟ್ಸ್. ನಮ್ಮ ಲೆಕ್ಕವೂ ಇದೇ ಉತ್ತರ ಕೊಡಬೇಕು.

ಸಂಕೇತದಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ಬಿಡಿಸಿ ತೋರಿಸುವ ಫೋರಿಯರ್ ರೂಪಾಂತರಕ್ಕೆ ಈ ತುಂಡನ್ನು ನೇರವಾಗಿ ಕೊಟ್ಟರೆ ಬಹಳ ಸಲ 6.25 ಬರುವುದಿಲ್ಲ. ಕಾರಣ ಏರಿಳಿತದ ಆಕಾರ. ತಂಬೂರಿಯ ತಂತಿ ಮೀಟಿದಾಗ ಷಡ್ಜದ ಜೊತೆಗೆ ಅಂತರ ಗಾಂಧಾರ ತಾನಾಗಿ ಕೇಳಿಸುವಂತೆ, ಪುನರಾವರ್ತಿಸುವ ಚೂಪು ಸಂಕೇತದಲ್ಲಿ ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟಿನ ಅಂಶಗಳೂ ಇರುತ್ತವೆ. ಇವೇ ಹಾರ್ಮೋನಿಕ್‌ಗಳು. ಮೇಲೊಮ್ಮೆ ಕೆಳಗೊಮ್ಮೆ ಹೋಗಿಬರುವ ಚೂಪು ಮುಳ್ಳಿನಲ್ಲಿ ಶಕ್ತಿಯ ಹೆಚ್ಚಿನ ಪಾಲು ಈ ಮೇಲಿನ ಅಂಶಗಳಿಗೇ ಹೋಗಿರುತ್ತದೆ, ಮೂಲ 6.25ರಲ್ಲಿ ಉಳಿಯುವುದು ಅತ್ಯಲ್ಪ. ಕಂಪ್ಯೂಟರ್ ಅತಿ ಎತ್ತರದ ಶೃಂಗವನ್ನು ಹುಡುಕಿ 12.5 ಎಂದೋ 18.75 ಎಂದೋ ಹೇಳಿಬಿಡುತ್ತದೆ.

ಇದಕ್ಕೆ 1995ರಲ್ಲಿ ಬಾಟರಾನ್ ಮತ್ತು ಸ್ಮಿತ್ ಕೊಟ್ಟ ಮೂರು ಹಂತದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಮೊದಲು 40ರಿಂದ 250 ಹರ್ಟ್ಸ್‌ನ ಬ್ಯಾಂಡ್‌ಪಾಸ್ ಫಿಲ್ಟರ್. ಇದು ಆ ವ್ಯಾಪ್ತಿಯ ಆವರ್ತನಗಳನ್ನಷ್ಟೇ ಬಿಡುವುದರಿಂದ ಉಸಿರಾಟದಿಂದಾಗುವ ಓಲಾಟ, ಹೃತ್ಕುಕ್ಷಿಯ ನಿಧಾನದ ಟಿ ಅಲೆ ಇವೆಲ್ಲ ಇಲ್ಲಿ ಕಳಚಿಕೊಂಡು ಚೂಪು ಮುಳ್ಳಷ್ಟೇ ಉಳಿಯುತ್ತದೆ. ಆಮೇಲೆ ಋಣ ಬೆಲೆಗಳನ್ನೆಲ್ಲ ಧನವಾಗಿಸುವುದು, ಆಗ ಮುಳ್ಳು ಎತ್ತ ತಿರುಗಿದ್ದರೂ ಮೇಲಕ್ಕೇ ಏಳುತ್ತದೆ. ಕೊನೆಗೆ 20 ಹರ್ಟ್ಸ್‌ನ ಲೋಪಾಸ್. ಅದಕ್ಕಿಂತ ಹೆಚ್ಚಿನ ಆವರ್ತನಗಳನ್ನು ಇದು ತಡೆಯುವುದರಿಂದ ಚೂಪುಗಳು ಸವೆದು, ಒಂದು ಪ್ರಚೋದನೆಗೆ ಒಂದು ದುಂಡು ಗುಡ್ಡ ಎಂಬಂತಾಗುತ್ತದೆ. ಈಗ ಸರಾಸರಿಯನ್ನು ಕಳೆದು ರೂಪಾಂತರ ಮಾಡಿದರೆ 6.25ರಲ್ಲಿ ಶೃಂಗ ಎದ್ದು ನಿಲ್ಲುತ್ತದೆ. ಸರಾಸರಿ ಕಳೆಯುವುದನ್ನು ಮರೆತರೆ ಸೊನ್ನೆ ಹರ್ಟ್ಸ್‌ನಲ್ಲಿ ದೈತ್ಯ ಶೃಂಗವೊಂದು ಕಾಣಿಸಿಕೊಂಡು ಮಿಕ್ಕವನ್ನೆಲ್ಲ ಕುಬ್ಜವಾಗಿಸುತ್ತದೆ. ನಮ್ಮ 50 ಹರ್ಟ್ಸ್‌ನ ಕರೆಂಟಿನ ಗುಂಯ್‌ಗುಡುವಿಕೆಯೂ 40–250ರ ಒಳಗೇ ಬೀಳುತ್ತದೆ ಎಂಬುದನ್ನು ಗಮನಿಸಬೇಕು. ಗದ್ದಲ ಜೋರಾಗಿದ್ದರೆ ಆ ಒಂದೇ ಆವರ್ತನವನ್ನು ಕತ್ತರಿಸುವ ನಾಚ್ ಫಿಲ್ಟರನ್ನು ಮೊದಲೇ ಹಾಕುವುದು ಒಳ್ಳೆಯದು.

ಸಾಮಾನ್ಯವಾಗಿ 4ರಿಂದ 10 ಹರ್ಟ್ಸ್‌ನೊಳಗೆ (ಕೆಲವರು 3ರಿಂದ 15ರವರೆಗೆ ನೋಡುತ್ತಾರೆ) ಅತಿ ಹೆಚ್ಚು ಶಕ್ತಿ ಇರುವ ಆವರ್ತನಕ್ಕೆ ಡಾಮಿನೆಂಟ್ ಫ್ರೀಕ್ವೆನ್ಸಿ, ಚಿಕ್ಕದಾಗಿ ಡಿಎಫ್, ಎಂದು ಹೆಸರು.

ತುಂಡಿನ ಉದ್ದ ಎಷ್ಟಿರಬೇಕು? ಇಲ್ಲಿ ಚೌಕಾಶಿ ನಡೆಯುವುದಿಲ್ಲ. T ಸೆಕೆಂಡಿನ ತುಂಡಿನಲ್ಲಿ ಆವರ್ತನವನ್ನು 1/T ಹರ್ಟ್ಸ್‌ಗಿಂತ ಸೂಕ್ಷ್ಮವಾಗಿ ಬಿಡಿಸಲಾಗದು. 4 ಸೆಕೆಂಡಿಗೆ ಕಾಲು ಹರ್ಟ್ಸ್. 6.25 ಮತ್ತು 6.5ರ ನಡುವಿನ ಅಂತರವನ್ನು ಆವೃತ್ತಿಯ ಅವಧಿಗೆ ತಿರುಗಿಸಿದರೆ 160 ಮತ್ತು 154 ಮಿಲಿಸೆಕೆಂಡ್, ಪರವಾಗಿಲ್ಲ. ಅಂಚುಗಳಲ್ಲಿ ಶಕ್ತಿ ಸೋರದಂತೆ ತುಂಡಿನ ಎರಡೂ ತುದಿಗಳನ್ನು ಮೆಲ್ಲಗೆ ತಗ್ಗಿಸುವ ಹ್ಯಾಮಿಂಗ್ ಕಿಟಕಿ ಹಾಕಿದರೆ ಶೃಂಗ ಇನ್ನಷ್ಟು ಅಗಲವಾಗುತ್ತದೆ. ಸಂಕೇತದ ಹಿಂದೆ ಸೊನ್ನೆಗಳನ್ನು ಸೇರಿಸಿ 20 ಸೆಕೆಂಡಿನಷ್ಟು ಉದ್ದ ಮಾಡಿದರೆ 0.05 ಹರ್ಟ್ಸ್‌ಗೊಂದು ಬಿಂದು ಸಿಗುತ್ತದೆ, ಗೆರೆ ನಯವಾಗಿ ಕಾಣುತ್ತದೆ. ಆದರೆ 0.1 ಹರ್ಟ್ಸ್ ಅಂತರದಲ್ಲಿರುವ ಎರಡು ಶೃಂಗಗಳು ಅದರಿಂದ ಬೇರೆಯಾಗುವುದಿಲ್ಲ, ಇಲ್ಲದ ಮಾಹಿತಿಯನ್ನು ಸೊನ್ನೆಗಳು ತಂದುಕೊಡಲಾರವು. ಇದೊಂದನ್ನು ತಿಳಿಯದೆ ಡಿಎಫ್ ಅನ್ನು ಎರಡು ದಶಾಂಶ ಸ್ಥಾನದವರೆಗೆ ಮುದ್ರಿಸುವ ಕೋಷ್ಟಕಗಳನ್ನು ಕಂಡರೆ ಸಂಶಯಪಡಬಹುದು. ಸೂಕ್ಷ್ಮತೆ ಬೇಕೆಂದು ತುಂಡನ್ನು 30 ಸೆಕೆಂಡಿಗೆ ಎಳೆದರೆ ಇನ್ನೊಂದು ಕಷ್ಟ. ಅಷ್ಟರಲ್ಲಿ ಎಎಫ್ ತಾನೇ ಬದಲಾಗಿರುತ್ತದೆ, ಒಂದು ಶೃಂಗದ ಬದಲು ಗುಡ್ಡಸಾಲು ಸಿಗುತ್ತದೆ. 4 ಸೆಕೆಂಡಿನ ತುಂಡುಗಳನ್ನು ಅರ್ಧರ್ಧ ಒಂದರ ಮೇಲೊಂದು ಬರುವಂತೆ ಸರಿಸುತ್ತ ಹೋಗುವುದು ರೂಢಿಯಲ್ಲಿರುವ ರಾಜಿ.

ಅಂಕಿ ಸುಳ್ಳಾಡುವ ಕಡೆಗಳು

ಒಂದೇ ಅಲೆ ಎಲೆಕ್ಟ್ರೋಡ್ ಅಡಿಯಲ್ಲಿ ಎರಡು ಮುಳ್ಳು ಮೂಡಿಸುವುದುಂಟು. ನಾರುಗಟ್ಟಿದ ಗೆರೆಯೊಂದರ ಎರಡು ಬದಿಗಳಲ್ಲಿ ಅಲೆ ಬೇರೆ ಬೇರೆ ಹೊತ್ತಿಗೆ ಹಾದರೆ ಹೀಗಾಗುತ್ತದೆ. 160 ಮಿಲಿಸೆಕೆಂಡಿನ ಆವೃತ್ತಿಯಲ್ಲಿ ಎರಡನೇ ಮುಳ್ಳು 80ರ ಆಸುಪಾಸಿನಲ್ಲಿ ಅಷ್ಟೇ ಎತ್ತರಕ್ಕೆ ಎದ್ದರೆ ಡಿಎಫ್ 12.5 ಎಂದು ಬರುತ್ತದೆ. ಅಲ್ಲಿ ವೇಗವಿಲ್ಲ, ಗಾಯದ ಕಲೆಯಿದೆ. ಇದಕ್ಕೆ ತಿರುವುಮುರುವಾಗಿ, ಮುಳ್ಳುಗಳು ಒಂದು ದೊಡ್ಡದು ಒಂದು ಚಿಕ್ಕದು ಎಂದು ಸರದಿಯಲ್ಲಿ ಬಂದರೆ 3.1ರ ಬಳಿ ಅರ್ಧದ ಶೃಂಗ ಏಳುತ್ತದೆ.

ಇನ್ನು ಹೃತ್ಕುಕ್ಷಿ. ಅದರ ಸ್ನಾಯು ಎಷ್ಟೋ ಪಟ್ಟು ದಪ್ಪ, ಅದರ ವಿದ್ಯುತ್ ಸದ್ದು ಮೇಲಿನ ಕೋಣೆಯ ದಾಖಲೆಗೂ ನುಗ್ಗುತ್ತದೆ. ಎಡಗಡೆಯ ಎರಡು ಕೋಣೆಗಳ ನಡುವಿನ ಮಿಟ್ರಲ್ ಕವಾಟದ ಹತ್ತಿರ, ಅದರ ಪಕ್ಕದಲ್ಲೇ ಹಾಯುವ ಅಭಿಧಮನಿಯಾದ ಕರೋನರಿ ಸೈನಸ್‌ನಲ್ಲಿ ಇದರ ಕಾಟ ಹೆಚ್ಚು. ನಿಮಿಷಕ್ಕೆ 120ರ ಬಡಿತ 2 ಹರ್ಟ್ಸ್, ಅದು ನಮ್ಮ ವ್ಯಾಪ್ತಿಯ ಹೊರಗಿದೆ ಎಂದು ನೆಮ್ಮದಿಯಾಗಿರುವಂತಿಲ್ಲ. ಅದರ ಹಾರ್ಮೋನಿಕ್‌ಗಳು 4, 6, 8 ಎಂದು ಸರಿಯಾಗಿ ಎಎಫ್ ಪಟ್ಟಿಯೊಳಗೇ ಬಂದು ಕೂರುತ್ತವೆ. ಬೈಪೋಲಾರ್‌ನಲ್ಲಿ ಎರಡು ಎಲೆಕ್ಟ್ರೋಡ್‌ಗಳಿಗೂ ಇದು ಹೆಚ್ಚುಕಡಿಮೆ ಒಂದೇ ಸಮ ತಲುಪುವುದರಿಂದ ಬಹುಪಾಲು ಕಳೆದುಹೋಗುತ್ತದೆ. ಒಂಟಿ ಎಲೆಕ್ಟ್ರೋಡಿನ ಯೂನಿಪೋಲಾರ್ ಸಂಕೇತದಲ್ಲಿ ಮತ್ತು ಎದೆಯ ಮೇಲಿನ ಇಸಿಜಿಯಲ್ಲಿ ಇದನ್ನು ತೆಗೆಯದೆ ಗತಿಯಿಲ್ಲ. ಹೃತ್ಕುಕ್ಷಿಯ ಪ್ರತಿ ಬಡಿತದ ಎತ್ತರದ ಮುಳ್ಳುಗಳನ್ನು, ಅಂದರೆ ಆರ್ ಶೃಂಗಗಳನ್ನು, ಸಾಲಾಗಿ ಹೊಂದಿಸಿ, ಹತ್ತಾರು ಬಡಿತಗಳ ಸರಾಸರಿಯಿಂದ ಇಸಿಜಿಯಲ್ಲಿ ಹೃತ್ಕುಕ್ಷಿ ಮೂಡಿಸುವ ಅಲೆಗಳಾದ ಕ್ಯೂಆರ್‌ಎಸ್–ಟಿಯ ಅಚ್ಚು ಮಾಡಿ, ಪ್ರತಿ ಬಡಿತದಿಂದಲೂ ಅದನ್ನು ಕಳೆಯುತ್ತಾರೆ. ಎಎಫ್ ಅಲೆಗಳಿಗೂ ಆರ್ ಶೃಂಗಕ್ಕೂ ನಂಟಿಲ್ಲದ ಕಾರಣ ಸರಾಸರಿಯಲ್ಲಿ ಅವು ಅಳಿಸಿಹೋಗುತ್ತವೆ, ಅಚ್ಚಿನಲ್ಲಿ ಹೃತ್ಕುಕ್ಷಿಯ ಆಕಾರವಷ್ಟೇ ಉಳಿಯುತ್ತದೆ. ಬಡಿತಗಳು ಕಡಿಮೆ ಇದ್ದರೆ ಎಎಫ್‌ನ ಚೂರೂ ಅಚ್ಚಿಗೆ ಸೇರಿಕೊಳ್ಳುತ್ತದೆ. ನಡುವೆ ಆಕಾರ ಬೇರೆಯಿರುವ ಹೆಚ್ಚುವರಿ ಬಡಿತ ಬಂದರೆ ಅಚ್ಚು ಹೊಂದದೆ ಉಳಿಕೆ ಮುಳ್ಳು ಬೀಳುತ್ತದೆ. ಅದನ್ನು ಗುರುತಿಸಿ ಬೇರೆ ಅಚ್ಚಿಗೆ ಹಾಕಬೇಕು.

ಹೀಗೆಲ್ಲ ಇರುವುದರಿಂದ ಡಿಎಫ್ ಜೊತೆಗೆ ಅದರ ವಿಶ್ವಾಸಾರ್ಹತೆಯ ಅಳತೆಯೂ ಬೇಕು. ಶೃಂಗದ ಸುತ್ತಲಿನ ಕಿರಿದಾದ ಪಟ್ಟಿಯಲ್ಲಿರುವ ಶಕ್ತಿಯನ್ನು ಇಡೀ ವ್ಯಾಪ್ತಿಯ ಶಕ್ತಿಯಿಂದ ಭಾಗಿಸಿದರೆ ಸಿಗುವುದು ರೆಗ್ಯುಲಾರಿಟಿ ಇಂಡೆಕ್ಸ್. ಹಾರ್ಮೋನಿಕ್‌ಗಳ ಶಕ್ತಿಯನ್ನೂ ಮೇಲೆ ಸೇರಿಸಿಕೊಂಡರೆ ಆರ್ಗನೈಸೇಶನ್ ಇಂಡೆಕ್ಸ್. ಒಂದೇ ಶೃಂಗ ಒಂಟಿ ಕಂಬದಂತೆ ನಿಂತಿದ್ದರೆ ಬೆಲೆ 1ರ ಕಡೆಗೆ, ಹುಲ್ಲುಗಾವಲಿನಂತೆ ಹರಡಿದ್ದರೆ 0ಯ ಕಡೆಗೆ. 0.2ಕ್ಕಿಂತ ಕಡಿಮೆ ಬಂದ ಬಿಂದುಗಳನ್ನು ಬದಿಗಿಡುವ ತಂಡಗಳಿವೆ. ಆ ಬೆಲೆಯನ್ನು ಕೊಡದೆ ಡಿಎಫ್ ಒಂದನ್ನೇ ಕೊಟ್ಟರೆ ಅರ್ಧ ವರದಿ ಎಂದೇ ಲೆಕ್ಕ.

ನಕ್ಷೆ ಮಾಡಿದಾಗ ಕಂಡದ್ದು

2005ರಲ್ಲಿ ಪ್ರಶಾಂತನ್ ಸ್ಯಾಂಡರ್ಸ್ ಮತ್ತು ಬೋರ್ಡೋದ ಸಂಗಡಿಗರು 32 ಜನರ ಹೃತ್ಕರ್ಣದ ಡಿಎಫ್ ನಕ್ಷೆ ಮಾಡಿದರು. ಬಂದುಹೋಗುವ ಎಎಫ್ ಇದ್ದವರಲ್ಲಿ ಅತಿ ವೇಗದ ಜಾಗಗಳು ಶ್ವಾಸಕೋಶದ ಅಭಿಧಮನಿಗಳ ಬಳಿ ಗುಂಪುಗೂಡಿದ್ದವು, ಅಬ್ಲೇಶನ್ ನಡೆಯುತ್ತಿದ್ದಂತೆ ಬಹುಪಾಲು ಜನರಲ್ಲಿ ಎಎಫ್ ನಿಂತಿತು. ತರ್ಕ ಗೆದ್ದಿತು. ಬಿಡದೆ ನಡೆಯುವ ಎಎಫ್ ಇದ್ದ 13 ಜನರಲ್ಲಿ ವೇಗದ ಜಾಗಗಳು ಎರಡೂ ಹೃತ್ಕರ್ಣಗಳಲ್ಲಿ ಚೆಲ್ಲಿಹೋಗಿದ್ದವು, ಒಬ್ಬರಲ್ಲೂ ಅದು ನಿಲ್ಲಲಿಲ್ಲ.

ಈ ನಕ್ಷೆಗಳಲ್ಲಿ ಒಂದು ಒಳಸುಳಿ ಇದೆ. ಕ್ಯಾಥೆಟರನ್ನು ಒಂದು ಬಿಂದುವಿನಲ್ಲಿ ಕೆಲವು ಸೆಕೆಂಡು ನಿಲ್ಲಿಸಿ, ದಾಖಲಿಸಿ, ಮುಂದಿನ ಬಿಂದುವಿಗೆ ಹೋಗುತ್ತಾರೆ. ನೂರು ಬಿಂದು ಮುಗಿಯುವಷ್ಟರಲ್ಲಿ ಹತ್ತಾರು ನಿಮಿಷ ಕಳೆದಿರುತ್ತದೆ. ಪರದೆಯ ಮೇಲೆ ಕಾಣುವ ಬಣ್ಣದ ನಕ್ಷೆ ಯಾವ ಒಂದು ಕ್ಷಣದ್ದೂ ಅಲ್ಲ. ಎಎಫ್ ಅಷ್ಟು ಹೊತ್ತೂ ಹಾಗೆಯೇ ಇದ್ದಿದ್ದರೆ ಮಾತ್ರ ಅದಕ್ಕೆ ಅರ್ಥ.

ಹಾಗೆಯೇ ಇರುತ್ತದೆಯೇ ಎಂದು ತಿಳಿಯಲು ಎಲ್ಲ ಬಿಂದುಗಳನ್ನೂ ಏಕಕಾಲಕ್ಕೆ ಅಳೆಯಬೇಕು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಂಡ್ರೆ ಎನ್‌ಜಿ, ಫರ್ನಾಂಡೊ ಶ್ಲಿಂಡ್‌ವೈನ್, ಜೊವಾವೊ ಸಲಿನೆಟ್ ಮೊದಲಾದವರು ಇದಕ್ಕೆ ಎನ್‌ಸೈಟ್ ಅರೇ ಎಂಬ ಬಲೂನು ಬಳಸಿದರು. 64 ತಂತಿಗಳ ಬಲೆ ಸುತ್ತಿದ ಈ ಬಲೂನು ಎಡ ಹೃತ್ಕರ್ಣದ ನಡುವೆ, ರಕ್ತದಲ್ಲಿ ತೇಲುತ್ತ ಕೂರುತ್ತದೆ, ಗೋಡೆಯನ್ನು ಮುಟ್ಟುವುದಿಲ್ಲ. ರಕ್ತದಲ್ಲಿ ಅಳೆದ 64 ವೋಲ್ಟೇಜ್‌ಗಳಿಂದ ಗೋಡೆಯ 2048 ಬಿಂದುಗಳ ಸಂಕೇತವನ್ನು ಗಣಿತದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಅಳೆದದ್ದು 64, ಉಳಿದದ್ದು ಲೆಕ್ಕಾಚಾರ ಎಂಬುದನ್ನು ಮರೆಯಬಾರದು. ಬಲೂನಿನ ನಡುವಿನಿಂದ ಗೋಡೆ ಸುಮಾರು 4 ಸೆಂಟಿಮೀಟರಿಗಿಂತ ಆಚೆ ಇದ್ದರೆ ಲೆಕ್ಕ ಹದಗೆಡುತ್ತದೆ. ಎಎಫ್ ಹಳೆಯದಾದಂತೆ ಹೃತ್ಕರ್ಣ ಹಿಗ್ಗುವುದರಿಂದ ಈ ನಕ್ಷೆ ಯಾರಿಗೆ ಬೇಕೋ ಅವರಲ್ಲೇ ಈ ತೊಡಕು ಹೆಚ್ಚು.

ಹೀಗೆ ಏಕಕಾಲದಲ್ಲಿ ನೋಡಿದಾಗ, ಪರ್ಸಿಸ್ಟೆಂಟ್ ಎಎಫ್‌ನಲ್ಲಿ ಅತಿ ವೇಗದ ಜಾಗ ಒಂದೆಡೆ ನಿಲ್ಲಲೇ ಇಲ್ಲ. ಈಗಿನ ನಾಲ್ಕು ಸೆಕೆಂಡಿನಲ್ಲಿ ಮೇಲ್ಛಾವಣಿಯ ಮೇಲಿದ್ದದ್ದು ಮುಂದಿನದರಲ್ಲಿ ಹಿಂಗೋಡೆಗೆ ಸರಿದಿರುತ್ತದೆ, ಮಾಯವಾಗಿ ಮತ್ತೆ ಮೊದಲಿನ ಜಾಗದಲ್ಲೇ ಕಾಣಿಸಿಕೊಳ್ಳುವುದೂ ಇದೆ. 2012ರಲ್ಲಿ ಜೂಲಿಯನ್ ಜಾರ್ಮನ್ ಮತ್ತು ಸಂಗಡಿಗರೂ ಅಧಿಕ ಡಿಎಫ್‌ನ ಜಾಗಗಳು ಕಾಲಕ್ರಮದಲ್ಲಿ ಸ್ಥಿರವಲ್ಲ ಎಂದೇ ವರದಿ ಮಾಡಿದರು. ಲೆಸ್ಟರ್ ತಂಡ ಮುಂದೆ ಸುಳಿಯ ನಡುಬಿಂದುವನ್ನೂ ಹಿಂಬಾಲಿಸಿದಾಗ ಅದು ಅಲೆದಾಡುತ್ತಿತ್ತು, ವೇಗದ ಪ್ರದೇಶಗಳು ಅದರ ಸುತ್ತ ಇದ್ದವು. ಆವರ್ತನದ ಶಿಖರವನ್ನು ಗುರಿಯಿಟ್ಟು ಸುಟ್ಟರೆ ಸುಳಿಯ ನಡುವನ್ನೇ ಸುಟ್ಟಂತಾಗುತ್ತದೆ ಎಂಬ ಭರವಸೆ ಇಲ್ಲ.

ಚಿಕಿತ್ಸೆಯ ಪರೀಕ್ಷೆಗಳೂ ಇದನ್ನೇ ಹೇಳಿದವು. ಸ್ಪೇನ್‌ನಲ್ಲಿ ಫೆಲಿಪೆ ಅಟಿಯೆಂಸಾ ಮುಂದಾಳತ್ವದ ರಾಡಾರ್-ಎಎಫ್ ಪರೀಕ್ಷೆಯ (2014) 232 ರೋಗಿಗಳಲ್ಲಿ, ಬಂದುಹೋಗುವ ಎಎಫ್ ಇದ್ದವರಿಗೆ ಅಧಿಕ ಆವರ್ತನದ ಜಾಗಗಳನ್ನಷ್ಟೇ ಸುಟ್ಟಾಗ, ಅದು ಅಭಿಧಮನಿ ಬೇರ್ಪಡಿಸಿದ್ದಕ್ಕೆ ಕಡಿಮೆಯಿಲ್ಲ ಎಂಬುದು ಆರು ತಿಂಗಳ ಹೊತ್ತಿಗೆ ಸಾಬೀತಾಗಲಿಲ್ಲ, ಕೆಲವರಿಗೆ ಮತ್ತೊಮ್ಮೆ ಅಬ್ಲೇಶನ್ ಮಾಡಿದ ಮೇಲೆ ವರ್ಷದ ಹೊತ್ತಿಗೆ ಕಡಿಮೆಯಿಲ್ಲದ ಫಲ ಕಂಡಿತು. ಪರ್ಸಿಸ್ಟೆಂಟ್ ಇದ್ದವರಿಗೆ ಬೇರ್ಪಡಿಸುವುದರ ಜೊತೆಗೆ ಇದನ್ನೂ ಸೇರಿಸಿದರೆ ಹೆಚ್ಚಿನ ಲಾಭ ಸಿಗಲಿಲ್ಲ. ಮರುವರ್ಷ ಬಂದ ಸ್ಟಾರ್ ಎಎಫ್-2 ಆವರ್ತನದ ಪರೀಕ್ಷೆಯಲ್ಲ, ಆದರೆ ಅದೇ ಕಡೆಗೆ ಬೆರಳು ಮಾಡುತ್ತದೆ. 589 ಪರ್ಸಿಸ್ಟೆಂಟ್ ರೋಗಿಗಳಲ್ಲಿ ಹದಿನೆಂಟು ತಿಂಗಳ ಬಳಿಕ ಎಎಫ್ ಮರುಕಳಿಸದೆ ಉಳಿದವರು ಅಭಿಧಮನಿ ಬೇರ್ಪಡಿಸಿದ ಗುಂಪಿನಲ್ಲಿ ನೂರಕ್ಕೆ 59, ಚೂರುಚೂರಾದ ಸಂಕೇತದ ಜಾಗಗಳನ್ನೂ ಸುಟ್ಟವರಲ್ಲಿ 49, ಗೆರೆ ಎಳೆದಂತೆ ಸುಟ್ಟವರಲ್ಲಿ 46. ಹೆಚ್ಚು ಸುಟ್ಟರೆ ಹೆಚ್ಚು ಗುಣ ಎಂಬ ನಂಬಿಕೆಗೆ ಅಲ್ಲಿಂದೀಚೆಗೆ ಆಧಾರ ತೆಳುವಾಯಿತು.

ಎಲ್ಲಿ ಎಂಬುದಕ್ಕಿಂತ ಎಷ್ಟು ಎಂಬುದು

ಹಾಗೆಂದು ಡಿಎಫ್ ಅನ್ನು ಮೂಲೆಗೆ ಹಾಕಬೇಕಾಗಿಲ್ಲ. ಸುಡಬೇಕಾದ ಜಾಗ ತೋರಿಸುವ ಬೆರಳಾಗಿ ಅದು ದುರ್ಬಲ, ಹೃತ್ಕರ್ಣ ಎಷ್ಟು ಕೆಟ್ಟಿದೆ ಎಂಬುದರ ಮಾಪಕವಾಗಿ ಗಟ್ಟಿ. ಕಾರಣ ಜೀವಕೋಶದಲ್ಲಿದೆ. ಎಎಫ್ ಮುಂದುವರಿದಷ್ಟೂ ಕೋಶಗಳು ಒಳಗೆ ಬಿಟ್ಟುಕೊಳ್ಳುವ ಕ್ಯಾಲ್ಸಿಯಂ ಪ್ರವಾಹವನ್ನು ತಗ್ಗಿಸಿಕೊಳ್ಳುತ್ತವೆ, ಪೊಟಾಸಿಯಂನ ಕೆಲವು ಪ್ರವಾಹಗಳು ಹೆಚ್ಚುತ್ತವೆ. ಒಂದು ಪ್ರಚೋದನೆಯ ಬಳಿಕ ಚೇತರಿಸಿಕೊಳ್ಳುವ ಅವಧಿ ಕುಗ್ಗುತ್ತದೆ. ಬೇಗ ಚೇತರಿಸಿಕೊಂಡ ಕೋಶ ಮುಂದಿನ ಅಲೆಗೆ ಬೇಗ ಸಿದ್ಧ, ಆವರ್ತನ ಏರುತ್ತದೆ, ಸಣ್ಣ ಸುಳಿಗೂ ಜಾಗ ಸಿಗುತ್ತದೆ. 1995ರಲ್ಲಿ ಮೌರಿಟ್ಸ್ ಅಲೆಸ್ಸಿ ಅವರ ತಂಡ ಆಡುಗಳಲ್ಲಿ ಎಎಫ್ ಅನ್ನು ಕೃತಕವಾಗಿ ಮತ್ತೆ ಮತ್ತೆ ಹುಟ್ಟಿಸಿದಾಗ ಅದು ಪ್ರತಿ ಸಲವೂ ಹೆಚ್ಚು ಹೊತ್ತು ನಿಂತು ಕೊನೆಗೆ ನಿಲ್ಲದಂತಾದದ್ದು ಹೀಗೆ. 2014ರಲ್ಲಿ ಹಾಲಿಫೆ ಬಳಗದ ಕುರಿಗಳ ಅಧ್ಯಯನ ಇದಕ್ಕೆ ಡಿಎಫ್‌ನ ಗೆರೆ ಎಳೆಯಿತು. ಬಂದುಹೋಗುವ ಹಂತದಿಂದ ಪರ್ಸಿಸ್ಟೆಂಟ್‌ಗೆ ದಾಟುವಾಗ ಡಿಎಫ್ ಏರುತ್ತ ಹೋಗಿ ಬಳಿಕ ಸಮತಟ್ಟಾಗುತ್ತದೆ, ಮತ್ತು ಆ ಏರಿಕೆಯ ದರವೇ ದಾಟುವಿಕೆಯ ಮುನ್ಸೂಚನೆ.

ಚಿಕಿತ್ಸಾ ಕೊಠಡಿಯಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಅಬ್ಲೇಶನ್ ನಡೆಯುತ್ತಿರುವಾಗ ಎಡ ಹೃತ್ಕರ್ಣಕ್ಕೆ ಅಂಟಿದ ಸಣ್ಣ ಚೀಲವಾದ ಅಪೆಂಡೇಜ್‌ನಲ್ಲಿ ಮುಳ್ಳುಗಳ ನಡುವಿನ ಅಂತರ 150ರಿಂದ 180 ಮಿಲಿಸೆಕೆಂಡಿಗೆ ಹಿಗ್ಗಿದರೆ, ಅಂದರೆ 6.7ರಿಂದ 5.6 ಹರ್ಟ್ಸ್‌ಗೆ ಇಳಿದರೆ, ಕೆಲಸ ಸರಿದಾರಿಯಲ್ಲಿದೆ ಎಂದು ತಿಳಿಯುತ್ತಾರೆ. ಅಮಿಯೊಡರೋನ್, ಫ್ಲೆಕೈನೈಡ್‌ನಂಥ ಔಷಧಿಗಳೂ ಆವರ್ತನವನ್ನು ಇಳಿಸುತ್ತವೆ. ಹೀಗಾಗಿ ಔಷಧಿ ತೆಗೆದುಕೊಳ್ಳುತ್ತಿರುವವರ ಡಿಎಫ್ ಅನ್ನು ತೆಗೆದುಕೊಳ್ಳದವರದರ ಪಕ್ಕ ಇಟ್ಟು ಹೋಲಿಸುವುದು ತಪ್ಪು. ಇಸಿಜಿಯಲ್ಲಿ ಎದೆಮೂಳೆಯ ಬಲಕ್ಕೆ ಅಂಟಿಸುವ ವಿ1 ಲೀಡ್‌ನಿಂದ ಕ್ಯೂಆರ್‌ಎಸ್–ಟಿ ಕಳೆದು ತೆಗೆದ ಆವರ್ತನ 6 ಹರ್ಟ್ಸ್‌ಗಿಂತ ಕಡಿಮೆಯಿದ್ದವರಲ್ಲಿ ಔಷಧಿಯಿಂದ ಲಯ ಮರಳುವ ಸಾಧ್ಯತೆ ಹೆಚ್ಚು ಎಂದು 1990ರ ದಶಕದ ಕೊನೆಯ ಅಧ್ಯಯನಗಳು ತೋರಿಸಿದವು. ವಿ1 ಮುಖ್ಯವಾಗಿ ಬಲ ಹೃತ್ಕರ್ಣವನ್ನು ಕೇಳಿಸಿಕೊಳ್ಳುತ್ತದೆ, ಎಡದ ಸುದ್ದಿ ಅದರಲ್ಲಿ ಮಂಕು. ಪಾರ್ಶ್ವವಾಯುವಿನ ಅಪಾಯಕ್ಕೂ ಈ ಅಂಕಿಗೂ ತಳಕು ಹಾಕಬಾರದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬೇಕೋ ಬೇಡವೋ ಎಂಬುದು ವಯಸ್ಸು, ಬಿಪಿ, ಸಕ್ಕರೆ, ಹಿಂದಿನ ಪಾರ್ಶ್ವವಾಯು, ಮತ್ತು ನಮ್ಮಲ್ಲಿ ಇನ್ನೂ ಕಾಣಸಿಗುವ ರುಮ್ಯಾಟಿಕ್ ಮಿಟ್ರಲ್ ಕವಾಟದ ಕಿರಿದಾಗುವಿಕೆ ಇಂಥವುಗಳ ಮೇಲೆ ನಿರ್ಧಾರವಾಗುತ್ತದೆ. ಡಿಎಫ್ ಇಳಿಯಿತೆಂದು ಆ ಮಾತ್ರೆ ನಿಲ್ಲಿಸುವಂತಿಲ್ಲ.

ಕೈಯಾರೆ ಮಾಡಿ ನೋಡಬೇಕೆನ್ನುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಫಿಸಿಯೋನೆಟ್ ತಾಣದಲ್ಲಿ ಎಂಟು ರೋಗಿಗಳ ಬಲ ಹೃತ್ಕರ್ಣದೊಳಗಿನ ದಾಖಲೆಗಳು ಉಚಿತವಾಗಿ ಸಿಗುತ್ತವೆ. ಐದು ಬೈಪೋಲಾರ್ ಸಂಕೇತ, ಜೊತೆಗೆ ಮೂರು ಇಸಿಜಿ ಲೀಡ್, ಸೆಕೆಂಡಿಗೆ 1000 ಮಾದರಿ. ಪೈಥಾನ್‌ನ ಸೈಪೈ ಎಂಬ ಗಣಿತದ ಲೈಬ್ರರಿ ಇದ್ದರೆ ಮೇಲಿನ ಮೂರು ಹಂತ ಇಪ್ಪತ್ತು ಸಾಲಿನ ಕೆಲಸ. ಕೋಡ್ ಓಡಿಸುವ ಮೊದಲು ಒಂದು 4 ಸೆಕೆಂಡಿನ ತುಂಡನ್ನು ಪರದೆಗೆ ತಂದು ಮುಳ್ಳುಗಳನ್ನು ಕಣ್ಣಿನಿಂದಲೇ ಎಣಿಸಿ ನಾಲ್ಕರಿಂದ ಭಾಗಿಸಿ. ಕಂಪ್ಯೂಟರ್ ಅದರ ಎರಡು ಪಟ್ಟು ಹೇಳಿದರೆ ಋಣವನ್ನು ಧನವಾಗಿಸುವ ಹಂತ ಬಿಟ್ಟುಹೋಗಿದೆಯೇ, ಜೋಡಿ ಮುಳ್ಳುಗಳಿವೆಯೇ ಎಂದು ನೋಡಿ. ಅರ್ಧ ಹೇಳಿದರೆ ಮುಳ್ಳುಗಳ ಎತ್ತರ ಸರದಿಯಲ್ಲಿ ಏರಿಳಿಯುತ್ತಿದೆಯೇ ಎಂದು ನೋಡಿ. ಎರಡಕ್ಕೂ ತಾಳೆಯಾಗದೆ 4 ಅಥವಾ 6ರ ಬಳಿ ಪಟ್ಟು ಹಿಡಿದು ಕೂತರೆ, ಪಕ್ಕದ ಇಸಿಜಿ ಲೀಡ್‌ನಲ್ಲಿ ಹೃತ್ಕುಕ್ಷಿಯ ಬಡಿತ ಎಣಿಸಿ ಅದರ ಎರಡು, ಮೂರು ಪಟ್ಟು ಲೆಕ್ಕ ಹಾಕಿ.